ಖಾಲಿ ಪರದೆಯ ಲಾಂಚರ್‌ಗಳು: ಬೇಗ ತಲುಪಿಸಲೋ, ತಡ ಮಾಡಿಸಲೋ?

ಕಪ್ಪು ಪರದೆ. ಮೇಲೊಂದು ಗಡಿಯಾರ. ಅದರ ಕೆಳಗೆ ಬಿಳಿ ಅಕ್ಷರಗಳಲ್ಲಿ ಐದಾರು ಹೆಸರುಗಳು: ಫೋನ್, ಸಂದೇಶ, ಕ್ಯಾಮೆರಾ, ನಕ್ಷೆ. ಬಣ್ಣದ ಚೌಕಗಳಿಲ್ಲ, ಕೆಂಪು ಚುಕ್ಕೆಗಳಿಲ್ಲ. ಇಂಥ ಫೋನನ್ನು ಮೊದಲ ಸಲ ಕಂಡವರು ಅದು ಕೆಟ್ಟಿದೆಯೆಂದೋ, ಹಳೆಯ ಕಾಲದ್ದೆಂದೋ ತಿಳಿಯುತ್ತಾರೆ. ಅದು ಎಲ್ಲರ ಕೈಯಲ್ಲಿರುವ ಆಂಡ್ರಾಯ್ಡ್ ಫೋನೇ. ಅದರ ಯಜಮಾನ ಲಾಂಚರ್ ಎಂಬ ಒಂದು ಆ್ಯಪನ್ನು ಬದಲಾಯಿಸಿದ್ದಾನೆ, ಅಷ್ಟೇ.

ಫೋನ್ ನೋಡುವ ಹೊತ್ತನ್ನು ಕಡಿಮೆ ಮಾಡಬೇಕೆಂಬ ಮಾತು ಈಗ ಪ್ರತಿ ಮನೆಯಲ್ಲೂ ಕೇಳಿಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾ ಸೇವೆಯನ್ನು ತೆರೆಯಿತು. ವೈದ್ಯರ ಬಳಿಗೆ ಹೋಗುವಷ್ಟು ಸಮಸ್ಯೆಯಿಲ್ಲದ, ಆದರೆ ಸಂಜೆಯೆಲ್ಲ ಎಲ್ಲಿ ಹೋಯಿತೆಂದು ಪೇಚಾಡುವ ದೊಡ್ಡ ಗುಂಪೊಂದಿದೆ. ಈ ಲಾಂಚರ್‌ಗಳು ಕಣ್ಣಿಟ್ಟಿರುವುದು ಆ ಗುಂಪಿನ ಮೇಲೆ. ಪ್ಲೇ ಸ್ಟೋರಿನಲ್ಲಿ ಹುಡುಕಿದರೆ ಹತ್ತಾರು ಸಿಗುತ್ತವೆ. ಚಿತ್ರಗಳಲ್ಲಿ ಎಲ್ಲವೂ ಒಂದೇ ತರಹ ಕಾಣುತ್ತವೆ, ಕೆಲಸ ಮಾಡುವ ರೀತಿ ಮಾತ್ರ ಬೇರೆಬೇರೆ. ಕೆಲವು ನಿಮ್ಮನ್ನು ಬೇಕಾದ ಆ್ಯಪಿಗೆ ಆದಷ್ಟು ಬೇಗ ತಲುಪಿಸಲು ಹುಟ್ಟಿದವು, ಇನ್ನು ಕೆಲವು ಬೇಕೆಂದೇ ತಡ ಮಾಡಿಸಲು ಹುಟ್ಟಿದವು. ಈ ವ್ಯತ್ಯಾಸ ತಿಳಿಯದೆ ಹಾಕಿಕೊಂಡವರಲ್ಲಿ ಹಲವರು ಒಂದೆರಡು ವಾರದಲ್ಲಿ ತೆಗೆದುಹಾಕುತ್ತಾರೆ.

ಲಾಂಚರ್ ಎಂದರೆ ಯಾವುದು?

ಫೋನಿನ ಬೀಗ ತೆರೆದ ಕೂಡಲೇ ಕಾಣುವ ಪರದೆಗೆ ಹೋಮ್ ಸ್ಕ್ರೀನ್ ಎನ್ನುತ್ತೇವೆ. ಅದು ಫೋನಿನ ಬಿಡಿಸಲಾಗದ ಅಂಗವೆಂದೇ ಬಹಳ ಮಂದಿ ಭಾವಿಸುತ್ತಾರೆ. ಆಂಡ್ರಾಯ್ಡಿನಲ್ಲಿ ಅದೂ ಒಂದು ಆ್ಯಪ್. ನೀವು ಹೋಮ್ ಗುಂಡಿ ಒತ್ತಿದಾಗ, ಅಥವಾ ಕೆಳಗಿನಿಂದ ಮೇಲಕ್ಕೆ ಬೆರಳು ಸರಿಸಿದಾಗ, 'ಹೋಮ್ ಕೆಲಸಕ್ಕೆ ಯಾರನ್ನು ನೇಮಿಸಲಾಗಿದೆ?' ಎಂದು ವ್ಯವಸ್ಥೆ ನೋಡಿಕೊಂಡು ಆ ಆ್ಯಪನ್ನು ಮುಂದೆ ತರುತ್ತದೆ. ಫೋನ್ ತಯಾರಿಸಿದ ಕಂಪನಿ ತನ್ನದೊಂದು ಲಾಂಚರನ್ನು ಮೊದಲೇ ನೇಮಿಸಿರುತ್ತದೆ. ಅದರ ಜಾಗಕ್ಕೆ ಬೇರೆಯದನ್ನು ತರುವ ಸ್ವಾತಂತ್ರ್ಯ ಬಳಕೆದಾರನಿಗಿದೆ.

ಲಾಂಚರ್ ಮನೆಯ ಪಡಸಾಲೆಯಿದ್ದಂತೆ. ಅಲ್ಲಿನ ಸಾಮಾನನ್ನೆಲ್ಲ ಎತ್ತಿಟ್ಟು ಖಾಲಿ ಮಾಡಿದರೂ ಒಳಕೋಣೆಗಳು ಇದ್ದ ಹಾಗೆಯೇ ಇರುತ್ತವೆ. ಆದ್ದರಿಂದ ಲಾಂಚರ್ ಬದಲಾಯಿಸಿದರೆ ವಾಟ್ಸ್ಆ್ಯಪಿನ ಸಂದೇಶಗಳು ಅಳಿಸಿಹೋಗುವುದಿಲ್ಲ, ಬ್ಯಾಂಕಿನ ಆ್ಯಪಿನಲ್ಲಿ ಮತ್ತೆ ನೋಂದಣಿ ಮಾಡಬೇಕಾಗುವುದಿಲ್ಲ, ಫೋಟೋಗಳು ಎಲ್ಲಿಗೂ ಹೋಗುವುದಿಲ್ಲ. ಹಳೆಯ ಲಾಂಚರ್ ಕೂಡ ಫೋನಿನಲ್ಲೇ ಇರುತ್ತದೆ, ಸುಮ್ಮನೆ ಹಿಂದೆ ಸರಿದಿರುತ್ತದೆ.

ಐಕಾನ್ ತೆಗೆದರೆ ಏನು ಬದಲಾಗುತ್ತದೆ?

ದಿನವೂ ಬಳಸುವ ಆ್ಯಪ್ ಎಲ್ಲಿದೆ ಎಂಬುದನ್ನು ಕಣ್ಣಿಗಿಂತ ಮೊದಲು ಹೆಬ್ಬೆರಳು ಕಲಿತಿರುತ್ತದೆ. ಗಂಟೆ ಎಷ್ಟಾಯಿತೆಂದು ನೋಡಲು ಫೋನ್ ತೆರೆದವರು, ಹೇಗೆಂದು ತಿಳಿಯದೆಯೇ, ಇನ್‌ಸ್ಟಾಗ್ರಾಮಿನ ಒಳಗಿರುತ್ತಾರೆ. ಅಲ್ಲಿ ಅವರು ತೀರ್ಮಾನವೆಂದು ಏನನ್ನೂ ಮಾಡಿರುವುದಿಲ್ಲ. ಬಣ್ಣ ಕಂಡಿತು, ಬೆರಳು ಹೋಯಿತು. ಐಕಾನಿನ ಮೂಲೆಯ ಚುಕ್ಕೆ ಅಥವಾ ಸಂಖ್ಯೆ ಇದಕ್ಕೆ ಇನ್ನಷ್ಟು ಒತ್ತು ಕೊಡುತ್ತದೆ. ಆಂಡ್ರಾಯ್ಡಿನಲ್ಲಿ ಈ ಚುಕ್ಕೆಗಳು ವ್ಯವಸ್ಥೆಯ ಭಾಗವಾದದ್ದು 2017ರ ಎಂಟನೇ ಆವೃತ್ತಿಯಲ್ಲಿ.

ಐಕಾನ್ ತೆಗೆದು ಬರೀ ಹೆಸರಿಟ್ಟಾಗ ಮಧ್ಯೆ ಒಂದು ಸಣ್ಣ ಕೆಲಸ ಸೇರಿಕೊಳ್ಳುತ್ತದೆ. ಹೆಸರನ್ನು ಓದಬೇಕು, ಅಥವಾ ಅಕ್ಷರ ಒತ್ತಿ ಹುಡುಕಬೇಕು. ಓದಿದಾಗ, ಹುಡುಕಿದಾಗ ನನಗೆ ಇದು ಬೇಕೇ ಎಂಬ ಪ್ರಶ್ನೆ ಏಳಲು ಒಂದು ಕ್ಷಣ ಸಿಗುತ್ತದೆ. ಈ ಲಾಂಚರ್‌ಗಳ ಹಿಂದಿನ ವಾದವೆಲ್ಲ ಈ ಒಂದು ಕ್ಷಣದ ಮೇಲೆ ನಿಂತಿದೆ.

ಕ್ಷಣಕ್ಕೆ ನಿಜವಾಗಿಯೂ ಅಷ್ಟು ಬಲವಿದೆಯೇ? ಲಾಂಚರ್ ಅಲ್ಲದಿದ್ದರೂ ಇದೇ ತತ್ತ್ವದ 'ಒನ್ ಸೆಕ್' ಎಂಬ ಆ್ಯಪ್ ಬಗ್ಗೆ ಜರ್ಮನಿಯ ಸಂಶೋಧಕರು ಮಾಡಿದ ಅಧ್ಯಯನವೊಂದು 2023ರಲ್ಲಿ ಪಿಎನ್‌ಎಎಸ್ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಳಕೆದಾರನೇ ಆರಿಸಿಟ್ಟ ಆ್ಯಪನ್ನು ತೆರೆಯಲು ಹೋದಾಗ ಒನ್ ಸೆಕ್ ನಡುವೆ ಬಂದು, ಒಂದು ದೀರ್ಘ ಉಸಿರು ತೆಗೆದುಕೊಳ್ಳಲು ಹೇಳಿ, ಆಮೇಲೆ 'ಇನ್ನೂ ತೆರೆಯಬೇಕೇ?' ಎಂದು ಕೇಳುತ್ತದೆ. ಹೀಗೆ ಕೇಳಿದಾಗ ನೂರಕ್ಕೆ 36 ಸಲ ಜನ ಬೇಡವೆಂದು ಹಿಂದೆ ಸರಿದರು. ಆರನೇ ವಾರದ ಹೊತ್ತಿಗೆ ತೆರೆಯಲು ಪ್ರಯತ್ನಿಸುವುದೇ ಶೇ. 37ರಷ್ಟು ಕಡಿಮೆಯಾಗಿತ್ತು. ಅಧ್ಯಯನದಲ್ಲಿದ್ದವರು ತಾವಾಗಿಯೇ ಆ ಆ್ಯಪ್ ಹಾಕಿಕೊಂಡವರು ಎಂಬುದನ್ನು ಮರೆಯಬಾರದು. ಅಪ್ಪ ಬಲವಂತದಿಂದ ಮಗನ ಫೋನಿಗೆ ಹಾಕಿದರೆ ಇದೇ ಅಂಕಿ ಬರುತ್ತದೆಂದು ಹೇಳಲಾಗದು.

ಮೂರು ಬಗೆ

ಒಂದನೆಯದು ಹೆಸರಿನ ಪಟ್ಟಿ. ಇದಕ್ಕೆ ಓಲಾಂಚರ್ ಒಳ್ಳೆಯ ಉದಾಹರಣೆ. ಉಚಿತ, ಜಾಹೀರಾತಿಲ್ಲ, ಮೂಲ ಸಂಕೇತ, ಅಂದರೆ ಆ್ಯಪನ್ನು ಕಟ್ಟಿದ ಪ್ರೋಗ್ರಾಮಿನ ಬರಹ, ಎಲ್ಲರಿಗೂ ತೆರೆದಿದೆ. ಮುಖಪರದೆಯಲ್ಲಿ ಹೆಚ್ಚೆಂದರೆ ಎಂಟು ಹೆಸರುಗಳನ್ನಿಡಬಹುದು, ಒಂಬತ್ತನೆಯದಕ್ಕೆ ಜಾಗವೇ ಇಲ್ಲ. ಮೇಲಕ್ಕೆ ಬೆರಳು ಸರಿಸಿದರೆ ಉಳಿದ ಆ್ಯಪ್‌ಗಳ ಪಟ್ಟಿ ಬರುತ್ತದೆ. ಬೇಡವಾದವನ್ನು ಆ ಪಟ್ಟಿಯಿಂದಲೂ ಮರೆಮಾಡಬಹುದು, ಹೆಸರನ್ನೂ ಬದಲಾಯಿಸಬಹುದು. ಪರಿಚಿತರೊಬ್ಬರು ಯೂಟ್ಯೂಬಿಗೆ 'ನಾಳೆ ಬೆಳಿಗ್ಗೆ ಏಳಬೇಕು' ಎಂದು ಹೆಸರಿಟ್ಟಿದ್ದಾರೆ. ಎಷ್ಟು ದಿನ ಕೆಲಸ ಮಾಡಿತೆಂದು ನಾನು ಕೇಳಲಿಲ್ಲ.

ಓಲಾಂಚರಿನ ಒಂದು ಗುಣವನ್ನು ಮಾತ್ರ ಗಮನಿಸಬೇಕು. ಪಟ್ಟಿಯಲ್ಲಿ ಅಕ್ಷರಗಳನ್ನು ಒತ್ತುತ್ತ ಹೋದಂತೆ, ಹೊಂದುವ ಆ್ಯಪ್ ಒಂದೇ ಉಳಿದ ಕೂಡಲೇ ಅದು ತಾನಾಗಿ ತೆರೆದುಕೊಳ್ಳುತ್ತದೆ. ಕೆಲಸದ ಆ್ಯಪ್‌ಗಳಿಗೆ ಇದು ಬಲು ಅನುಕೂಲ. ಆದರೆ ಎರಡು ಮೂರು ಅಕ್ಷರ ಒತ್ತುವುದನ್ನೂ ಬೆರಳು ಬೇಗ ಕಲಿಯುತ್ತದೆ. ಆಗ ಹೊಸ ಅಭ್ಯಾಸ ಹಳೆಯದರಷ್ಟೇ ಯೋಚನೆಯಿಲ್ಲದ್ದಾಗುತ್ತದೆ. ಈ ಗುಣ ನಿಮಗೆ ಒಗ್ಗುತ್ತದೆಯೇ ಎಂದು ಮೊದಲೇ ಯೋಚಿಸುವುದು ಲೇಸು.

ಇದೇ ಬಗೆಯಲ್ಲಿ 'ಮಿನಿಮಲಿಸ್ಟ್ ಫೋನ್' ಎಂಬ ಇನ್ನೊಂದಿದೆ. ನೋಟದಲ್ಲಿ ಓಲಾಂಚರಿನ ಒಡಹುಟ್ಟಿದಂತಿದ್ದರೂ ಇದು ತಡ ಮಾಡಿಸುವ ಪಂಗಡದ್ದು. ನೀವು ಗುರುತು ಮಾಡಿದ ಆ್ಯಪನ್ನು ತೆರೆದಾಗ ಎಷ್ಟು ಹೊತ್ತು ಬಳಸುತ್ತೀರೆಂದು ಕೇಳಿ, ಆ ಹೊತ್ತು ಮುಗಿದಾಗ ನೆನಪಿಸುತ್ತದೆ. ನೋಟಿಫಿಕೇಶನ್‌ಗಳನ್ನು ಸೋಸುವ, ಪರದೆಯನ್ನು ಕಪ್ಪುಬಿಳುಪಾಗಿಸುವ ಸೌಲಭ್ಯವೂ ಇದೆ. ಇದಕ್ಕೆ ಹಣ ಕೊಡಬೇಕು: ಪರೀಕ್ಷಾ ಅವಧಿ ಮುಗಿದ ಮೇಲೆ ಚಂದಾ. ಬರಿಯ ಹೆಸರಿನ ಪಟ್ಟಿಗಾಗಿ ಹಣ ಕೊಡುವುದರಲ್ಲಿ ಅರ್ಥವಿಲ್ಲ, ಅದು ಉಚಿತವಾಗಿಯೇ ಸಿಗುತ್ತದೆ. ಹಣಕ್ಕೆ ಪ್ರತಿಯಾಗಿ ಸಿಗುವುದು ಆ ಕೇಳುವ, ನೆನಪಿಸುವ ಕೆಲಸ. ಅದು ಬೇಕೆನಿಸಿದರೆ ಮಾತ್ರ ಬೆಲೆಯ ಪ್ರಶ್ನೆ ಏಳುತ್ತದೆ.

ಎರಡನೆಯ ಬಗೆಗೆ ನಯಾಗರ ಲಾಂಚರ್ ಮಾದರಿ. ಇದರಲ್ಲಿ ಐಕಾನ್ ಉಂಟು. ಆದರೆ ಚೌಕಚೌಕವಾಗಿ ಹರಡಿರುವುದಿಲ್ಲ, ಮೆಚ್ಚಿನ ಕೆಲವು ಆ್ಯಪ್‌ಗಳು ಒಂದರ ಕೆಳಗೊಂದು ಸಾಲಾಗಿರುತ್ತವೆ. ಪರದೆಯ ಅಂಚಿನಲ್ಲಿ ಅಕ್ಷರಮಾಲೆಯಿದೆ. ಅದರ ಮೇಲೆ ಹೆಬ್ಬೆರಳು ಜಾರಿಸುತ್ತ ಹೋದರೆ ಆಯಾ ಅಕ್ಷರದ ಆ್ಯಪ್‌ಗಳು ಎದುರಿಗೆ ಬರುತ್ತವೆ. ದೊಡ್ಡ ಫೋನನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತವರಿಗೆ ಇದರ ಸುಖ ಗೊತ್ತು. ಬಂದ ಸಂದೇಶದ ಮೊದಲ ಸಾಲು ಆ್ಯಪಿನ ಹೆಸರಿನ ಕೆಳಗೇ ಕಾಣುತ್ತದೆ. ಮೂಲ ರೂಪ ಉಚಿತ, ಹೆಚ್ಚಿನ ಸೌಲಭ್ಯಕ್ಕೆ ಹಣ. ಮೂಲ ಸಂಕೇತ ತೆರೆದಿಲ್ಲ. ಇದು ಅಚ್ಚುಕಟ್ಟಾದ ಲಾಂಚರ್, ಆದರೆ ನಿಮ್ಮನ್ನು ತಡೆಯುವ ಉದ್ದೇಶ ಇದಕ್ಕೆ ಅಷ್ಟಾಗಿ ಇಲ್ಲ. ಸಂದೇಶವನ್ನು ಮುಖಪರದೆಗೇ ತಂದು ತೋರಿಸುವ ಲಾಂಚರಿನಿಂದ ಫೋನ್ ನೋಡುವುದು ಕಡಿಮೆಯಾಗಲಿ ಎಂದು ಬಯಸುವುದು ಅದರ ತಪ್ಪಲ್ಲ, ನಮ್ಮದು.

ಮೂರನೆಯದು ಬರೀ ಹುಡುಕಾಟ. ಕಿಸ್ ಲಾಂಚರ್ ಹಾಕಿದರೆ ಪರದೆ ಬಹುತೇಕ ಖಾಲಿ, ಕೆಳಗೊಂದು ಹುಡುಕುವ ಪೆಟ್ಟಿಗೆ. ಅಕ್ಷರ ಒತ್ತಿದರೆ ಆ್ಯಪ್, ಪರಿಚಿತರ ಫೋನ್ ಸಂಖ್ಯೆ, ಸೆಟ್ಟಿಂಗ್ ಎಲ್ಲವೂ ಅಲ್ಲೇ ಸಿಗುತ್ತವೆ. ಇದೂ ಮುಕ್ತ ತಂತ್ರಾಂಶ, ಗಾತ್ರ ಒಂದು ಎಂಬಿಗೂ ಕಡಿಮೆ. ಏಳೆಂಟು ವರ್ಷ ಹಳೆಯ, ಏದುಸಿರು ಬಿಡುತ್ತಿರುವ ಫೋನಿಗೆ ಇದರಿಂದ ಸ್ವಲ್ಪ ಜೀವ ಬರುತ್ತದೆ. ಆದರೆ ಕಿಸ್ ನಿಮ್ಮ ಬಳಕೆಯನ್ನು ನೋಡಿ ಕಲಿಯುತ್ತದೆ. ನೀವು ಹೆಚ್ಚು ತೆರೆಯುವ ಆ್ಯಪನ್ನು ಫಲಿತಾಂಶದಲ್ಲಿ ಮೇಲಕ್ಕೆ ತರುತ್ತದೆ. ರೀಲ್ಸ್ ನೋಡುವುದನ್ನು ಬಿಡಲೆಂದು ಇದನ್ನು ಹಾಕಿಕೊಂಡವರಿಗೆ ಸಿಗುವುದು ರೀಲ್ಸ್‌ಗೆ ಇನ್ನೂ ಹತ್ತಿರದ ದಾರಿ. ಇದು ಕಿಸ್‌ನ ದೋಷವಲ್ಲ. ಅದು ವೇಗಕ್ಕಾಗಿಯೇ ಹುಟ್ಟಿದ್ದು.

ಈ ಮೂರರ ಹೊರಗೆ ನಿಲ್ಲುವುದು ಬಿಫೋರ್ ಲಾಂಚರ್. ಅದರ ಹೆಚ್ಚುಗಾರಿಕೆ ಇರುವುದು ಪರದೆಯ ನೋಟದಲ್ಲಲ್ಲ. ಯಾವ ಆ್ಯಪಿನ ಸೂಚನೆ ಒಡನೆ ಬರಬೇಕು, ಯಾವುದು ಸದ್ದಿಲ್ಲದೆ ಒಂದೆಡೆ ಸೇರಿ ಆಮೇಲೆ ನೋಡಲು ಸಿಗಬೇಕು ಎಂದು ವಿಂಗಡಿಸುವುದರಲ್ಲಿ. ಫೋನನ್ನು ತಾವಾಗಿ ತೆಗೆಯುವುದು ಕಡಿಮೆ, ಅದು ಟಿಣ್ ಎಂದಾಗಲೆಲ್ಲ ತೆಗೆಯುತ್ತೇವೆ ಎನ್ನುವವರು ಮೊದಲು ನೋಡಬೇಕಾದದ್ದು ಇಂಥದ್ದನ್ನು.

ಕನ್ನಡದಲ್ಲಿ ಫೋನ್ ಬಳಸುವವರಿಗೆ

ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಂಡವರ ಪಾಡು ಸ್ವಲ್ಪ ಬೇರೆ. ಗಡಿಯಾರ, ಸಂದೇಶಗಳಂಥ ಕೆಲವು ಆ್ಯಪ್‌ಗಳ ಹೆಸರು ಕನ್ನಡಕ್ಕೆ ತಿರುಗುತ್ತದೆ. ಬ್ಯಾಂಕು, ಹಣ ಪಾವತಿ, ಸಿನಿಮಾ ಟಿಕೆಟಿನ ಆ್ಯಪ್‌ಗಳ ಹೆಸರು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರದಲ್ಲೇ ಉಳಿಯುತ್ತದೆ. ಹಾಗಾಗಿ ಹೆಸರಿನ ಪಟ್ಟಿ ಎರಡು ಗುಂಪಾಗುತ್ತದೆ, ಅಂಚಿನ ಅಕ್ಷರಮಾಲೆಯೂ ಎರಡು ಲಿಪಿಗಳ ಕಲಬೆರಕೆಯಾಗುತ್ತದೆ. ಹುಡುಕಾಟದಲ್ಲಿ ಇನ್ನೂ ಕಷ್ಟ. ಲಾಂಚರ್ ತನ್ನ ಪಟ್ಟಿಯಲ್ಲಿರುವ ಹೆಸರಿನೊಂದಿಗೆ ಹೋಲಿಸಿ ನೋಡುವುದರಿಂದ, 'ಗಡಿಯಾರ' ಎಂದು ದಾಖಲಾದದ್ದು ಇಂಗ್ಲಿಷಿನಲ್ಲಿ ಕ್ಲಾಕ್ ಎಂದು ಒತ್ತಿದರೆ ಸಿಗದೆ ಹೋಗಬಹುದು. ಒಂದೊಂದು ಆ್ಯಪಿಗೂ ಕೀಲಿಮಣೆಯ ಭಾಷೆ ಬದಲಾಯಿಸುತ್ತ ಕೂರುವ ತಾಳ್ಮೆ ಯಾರಿಗಿದೆ? ಹೆಸರು ಬದಲಾಯಿಸಲು ಬಿಡುವ ಲಾಂಚರ್ ಆದರೆ ಒಮ್ಮೆ ಕೂತು ಮುಖ್ಯವಾದವುಗಳಿಗೆಲ್ಲ ಒಂದೇ ಲಿಪಿಯಲ್ಲಿ ಹೆಸರಿಟ್ಟುಕೊಂಡರೆ ಕೆಲಸ ಮುಗಿಯಿತು.

ಇದಕ್ಕಿಂತ ದೊಡ್ಡ ವಿಷಯ ಹಿರಿಯರದು. ಅಕ್ಷರ ಓದಲಾಗದವರು, ಓದಿದರೂ ಇಂಗ್ಲಿಷ್ ಬಾರದವರು, ಕಣ್ಣು ಮಂಜಾದವರು ಆ್ಯಪನ್ನು ಗುರುತಿಸುವುದು ಚಿತ್ರದಿಂದ, ಬಣ್ಣದಿಂದ. ಹಸಿರು ಬಣ್ಣದ್ದು ಮಗಳ ಜೊತೆ ಮಾತಾಡಲು, ನೇರಳೆ ಬಣ್ಣದ್ದು ದುಡ್ಡು ಕಳಿಸಲು. ಅವರಿಗೆ ಐಕಾನೇ ಅಕ್ಷರ. ಅದನ್ನು ಕಿತ್ತು ಬರೀ ಹೆಸರಿಟ್ಟರೆ ಫೋನ್ ಸರಳವಾಗುವುದಿಲ್ಲ, ಕೈಗೇ ಸಿಗದಂತಾಗುತ್ತದೆ. ಅಂಥವರಿಗೆ ಬೇಕಾದದ್ದು ದೊಡ್ಡ ಐಕಾನುಗಳ ಪರದೆ. ಹಲವು ಕಂಪನಿಗಳ ಫೋನುಗಳಲ್ಲಿ ಅದು 'ಈಸಿ ಮೋಡ್' ಅಥವಾ ಅಂಥದೇ ಹೆಸರಿನಲ್ಲಿ ಮೊದಲೇ ಇರುತ್ತದೆ.

ಲಾಂಚರ್ ಕೇಳುವ ಅನುಮತಿಗಳು

ಆ್ಯಪ್‌ಗಳ ಪಟ್ಟಿ ತೋರಿಸಿ ತೆರೆಯುವ ಕೆಲಸಕ್ಕೆ ಲಾಂಚರಿಗೆ ಹೆಚ್ಚಿನ ಅಧಿಕಾರವೇನೂ ಬೇಕಿಲ್ಲ. ಯಾವ ಯಾವ ಆ್ಯಪ್ ಇವೆ ಎಂದು ತಿಳಿದರೆ ಸಾಕು. ಆದರೂ ಕೆಲವು ಸೌಲಭ್ಯಗಳಿಗಾಗಿ ಹೆಚ್ಚು ಕೇಳುತ್ತವೆ. ಕಣ್ಣುಮುಚ್ಚಿ ಒಪ್ಪಬಾರದ ಜಾಗ ಇದು.

ಎಲ್ಲಕ್ಕಿಂತ ಬಲವಾದದ್ದು ಆಕ್ಸೆಸಿಬಿಲಿಟಿ ಅನುಮತಿ. ಅಂಗವಿಕಲರಿಗೆ ನೆರವಾಗುವ ಆ್ಯಪ್‌ಗಳಿಗಾಗಿ ರೂಪಿಸಿದ ಈ ಅನುಮತಿ ಸಿಕ್ಕರೆ, ಅದರ ವ್ಯಾಪ್ತಿಗೆ ಅನುಗುಣವಾಗಿ ಆ್ಯಪ್ ಪರದೆಯ ಮೇಲಿನದನ್ನು ಓದಬಲ್ಲದು, ನಿಮ್ಮ ಪರವಾಗಿ ಗುಂಡಿಗಳನ್ನೂ ಒತ್ತಬಲ್ಲದು. ಬ್ಯಾಂಕ್ ಖಾತೆ ದೋಚುವ ನಕಲಿ ಆ್ಯಪ್‌ಗಳು ಕಾದು ಕೂರುವುದು ಇದಕ್ಕಾಗಿಯೇ. ಓಲಾಂಚರ್‌ನಂಥವು ಇದನ್ನು ಕೇಳುವುದು ಒಂದು ಸಣ್ಣ ಕಾರಣಕ್ಕೆ: ಪರದೆಯನ್ನು ಎರಡು ಬಾರಿ ತಟ್ಟಿದರೆ ಫೋನಿಗೆ ಬೀಗ ಬೀಳಲೆಂದು. ಕಾರಣ ಸಾಚಾ. ಆದರೂ ಅಷ್ಟಕ್ಕಾಗಿ ಕೊಡಲೇಬೇಕೆಂದಿಲ್ಲ, ಪಕ್ಕದ ಗುಂಡಿ ಇದ್ದೇ ಇದೆ. ಬೇರೆ ಆ್ಯಪ್‌ಗಳಿಗೆ ಈ ಅನುಮತಿ ಸಿಕ್ಕಿರುವುದು ಕಂಡರೆ ಕೆಲವು ಬ್ಯಾಂಕಿನ ಆ್ಯಪ್‌ಗಳು ಎಚ್ಚರಿಕೆ ನೀಡುವುದೂ, ತೆರೆಯಲು ನಿರಾಕರಿಸುವುದೂ ಉಂಟು.

ನೋಟಿಫಿಕೇಶನ್ ಓದುವ ಅನುಮತಿ ಕೊಟ್ಟರೆ ಒಟಿಪಿ ಬಂದ ಸಂದೇಶವೂ ಕಾಣಬಹುದೆಂದು ನೆನಪಿಡಬೇಕು. ಸೂಚನೆಗಳನ್ನು ಸೋಸುವ ಲಾಂಚರಿಗೆ ಇದಿಲ್ಲದೆ ಆಗುವುದಿಲ್ಲ. ಹಾಗಾಗಿ ಪ್ರಶ್ನೆಯು ಆ ಲಾಂಚರನ್ನು ತಯಾರಿಸಿದವರು ಯಾರು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮೂಲ ಸಂಕೇತ ತೆರೆದಿದ್ದರೆ ತಿಳಿದವರು ಯಾರಾದರೂ ಒಳಹೊಕ್ಕು ನೋಡಬಹುದು ಎಂಬ ಸಮಾಧಾನವಿರುತ್ತದೆ. ಒಡೆತನ ಬದಲಾಗಬಹುದು ಎಂಬುದನ್ನೂ ಗಮನದಲ್ಲಿಡಬೇಕು. ಲಕ್ಷಾಂತರ ಜನ ಮೆಚ್ಚಿದ್ದ ನೋವಾ ಲಾಂಚರನ್ನು 2022ರಲ್ಲಿ ಬ್ರಾಂಚ್ ಎಂಬ ಅಮೆರಿಕದ ಕಂಪನಿ ಕೊಂಡುಕೊಂಡಿತು. ಅದನ್ನು ಕಟ್ಟಿ ಬೆಳೆಸಿದ ಮೂಲ ಅಭಿವೃದ್ಧಿಕಾರರು 2025ರಲ್ಲಿ ಹೊರಬಂದರು.

ಲಾಂಚರ್ ಮುಟ್ಟಲಾಗದ ದಾರಿಗಳು

ಆ್ಯಪಿನೊಳಗೆ ಹೋಗಲು ಹೋಮ್ ಸ್ಕ್ರೀನ್ ಒಂದೇ ದಾರಿಯಲ್ಲ. ಬಂದ ಸೂಚನೆಯನ್ನು ಒತ್ತಿ ಹೋಗಬಹುದು. ಇತ್ತೀಚೆಗೆ ತೆರೆದ ಆ್ಯಪ್‌ಗಳ ಸಾಲಿನಿಂದ ಹೋಗಬಹುದು. ಗೆಳೆಯ ಕಳಿಸಿದ ವಿಡಿಯೋದ ಕೊಂಡಿಯಿಂದ ಹೋಗಬಹುದು. ಈ ಮೂರು ಕಡೆಯೂ ಸಾಮಾನ್ಯ ಲಾಂಚರಿನ ಆಟ ನಡೆಯುವುದಿಲ್ಲ. ಒಮ್ಮೆ ಒಳಗೆ ಹೋದ ಮೇಲಂತೂ ಮುಗಿಯದ ಪುಟವನ್ನು ತಳ್ಳುತ್ತ ಕೂರುವುದಕ್ಕೂ ಹೊರಗಿನ ಕಪ್ಪು ಪರದೆಗೂ ಸಂಬಂಧವಿಲ್ಲ.

ಅದಕ್ಕೆ ಬೇರೆ ಸಲಕರಣೆಗಳಿವೆ, ಅವು ಹೊಸದಾಗಿ ಹಾಕಿಕೊಳ್ಳಬೇಕಾದವೂ ಅಲ್ಲ. ಆಂಡ್ರಾಯ್ಡಿನ ಡಿಜಿಟಲ್ ವೆಲ್‌ಬೀಯಿಂಗ್ 2018ರಿಂದಲೂ ಇದೆ. ಯಾವ ಆ್ಯಪಿಗೆ ದಿನಕ್ಕೆ ಎಷ್ಟು ನಿಮಿಷ ಎಂದು ಅಲ್ಲಿ ಗೊತ್ತುಮಾಡಬಹುದು. ಪರದೆಯನ್ನು ಕಪ್ಪುಬಿಳುಪು ಮಾಡುವ ಸೌಲಭ್ಯವೂ ಫೋನಿನಲ್ಲೇ ಇದೆ. ಅಮೆರಿಕದ ಉತ್ತರ ಡಕೋಟ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಣ್ಣ ತೆಗೆದದ್ದರಿಂದಲೇ ಫೋನ್ ನೋಡುವ ಹೊತ್ತು ದಿನಕ್ಕೆ ಸರಾಸರಿ ಅರ್ಧ ಗಂಟೆಗಿಂತ ಹೆಚ್ಚು ಇಳಿದಿತ್ತು. ನನ್ನನ್ನು ಕೇಳಿದರೆ ಲಾಂಚರಿಗೆ ಕೈಹಾಕುವ ಮುನ್ನ ಅನಗತ್ಯ ಆ್ಯಪ್‌ಗಳ ಸೂಚನೆಗಳನ್ನು ನಿಲ್ಲಿಸುವುದು ಒಳ್ಳೆಯದು. ಅದಕ್ಕೆ ಹತ್ತು ನಿಮಿಷವೂ ಬೇಡ, ಹೊಸ ಅನುಮತಿಯೂ ಬೇಡ.

ಐಫೋನ್ ಇದ್ದರೆ

ಐಫೋನಿನಲ್ಲಿ ಲಾಂಚರ್ ಬದಲಾಯಿಸಲು ಆ್ಯಪಲ್ ಬಿಟ್ಟಿಲ್ಲ. ಅಲ್ಲಿ 'ಲಾಂಚರ್' ಎಂದು ಮಾರಾಟವಾಗುವವು ವಿಜೆಟ್‌ಗಳು: ಹೆಸರಿನ ಪಟ್ಟಿಯಿರುವ ಒಂದು ದೊಡ್ಡ ಚೌಕವನ್ನು ಹೋಮ್ ಸ್ಕ್ರೀನಿನ ಮೇಲೆ ಕೂರಿಸಿ, ಉಳಿದ ಐಕಾನುಗಳನ್ನು ಆ್ಯಪ್ ಲೈಬ್ರರಿಗೆ, ಅಂದರೆ ಎಲ್ಲ ಆ್ಯಪ್‌ಗಳೂ ಒಟ್ಟಿಗಿರುವ ಕೊನೆಯ ಪುಟಕ್ಕೆ, ಕಳಿಸುವ ಉಪಾಯ. ಐಫೋನಿನ ಕಾರ್ಯವ್ಯವಸ್ಥೆಯ 2020ರ ಆವೃತ್ತಿಯಾದ ಐಒಎಸ್ 14ರಲ್ಲಿ ಹೋಮ್ ಸ್ಕ್ರೀನಿನ ಮೇಲೆ ಕೂರುವ ವಿಜೆಟ್ ಮತ್ತು ಲೈಬ್ರರಿ ಎರಡೂ ಬಂದ ಮೇಲೆ ಇದು ಸಾಧ್ಯವಾಯಿತು. ಕಾಣಲು ಹೆಚ್ಚುಕಡಿಮೆ ಅದೇ. ಆದರೆ ಒಂದು ಸಲ ಬದಿಗೆ ಸರಿಸಿದರೆ ಹಳೆಯ ಬಣ್ಣಬಣ್ಣದ ಲೈಬ್ರರಿ ಎದುರಿಗಿರುತ್ತದೆ.

ಹಾಕುವುದು, ತೆಗೆಯುವುದು

ಲಾಂಚರನ್ನು ಪ್ಲೇ ಸ್ಟೋರಿನಿಂದಲೇ ಇಳಿಸಿಕೊಳ್ಳಿ. ಓಲಾಂಚರ್ ಮತ್ತು ಕಿಸ್ ಮುಕ್ತ ತಂತ್ರಾಂಶಗಳ ಭಂಡಾರವಾದ ಎಫ್-ಡ್ರಾಯ್ಡಿನಲ್ಲೂ ಸಿಗುತ್ತವೆ. ಯಾರೋ ವಾಟ್ಸ್ಆ್ಯಪಿನಲ್ಲಿ ಕಳಿಸಿದ ಎಪಿಕೆ ಕಡತ (ಆ್ಯಪನ್ನು ನೇರವಾಗಿ ಫೋನಿಗೆ ಹಾಕುವ ಕಡತ) ಮಾತ್ರ ಬೇಡ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳು, ಅಲ್ಲಿ ಡೀಫಾಲ್ಟ್ ಆ್ಯಪ್‌ಗಳು, ಅಲ್ಲಿ ಹೋಮ್ ಆ್ಯಪ್ ಎಂಬಲ್ಲಿ ಹೊಸದನ್ನು ಆರಿಸಬೇಕು. ಕಂಪನಿಯಿಂದ ಕಂಪನಿಗೆ ಈ ಹೆಸರುಗಳು ತುಸು ಬದಲಾಗುತ್ತವೆ. ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ಹೋಮ್ ಎಂದು ಬರೆದರೆ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ.

ಹಾಕಿದ ಮೇಲೆ ಬೆರಳು ಸರಿಸುವಾಗ ಪರದೆ ಸ್ವಲ್ಪ ತಡವರಿಸಿದಂತೆ ಕಂಡರೆ ಗಾಬರಿ ಬೇಡ. ಇತ್ತೀಚಿನ ಆ್ಯಪ್‌ಗಳ ಸಾಲನ್ನು ತೋರಿಸುವ ಕೆಲಸ ಹೊಸ ಆಂಡ್ರಾಯ್ಡಿನಲ್ಲಿ ಕಂಪನಿಯ ಲಾಂಚರಿನ ಕೈಯಲ್ಲೇ ಉಳಿದಿರುತ್ತದೆ, ಹೊಸ ಲಾಂಚರಿಗೂ ಅದಕ್ಕೂ ಹೊಂದಾಣಿಕೆ ಪೂರ್ತಿ ಕೂಡಿಬರುವುದಿಲ್ಲ. ಕೆಲವು ಕಂಪನಿಗಳ ಫೋನುಗಳಲ್ಲಿ ಹೊರಗಿನ ಲಾಂಚರ್ ಹಾಕಿದರೆ ಬೆರಳ ಸನ್ನೆಯ ಸೌಲಭ್ಯವೇ ನಿಂತು, ಕೆಳಗಿನ ಮೂರು ಗುಂಡಿಗಳು ಮರಳಿ ಬರುತ್ತವೆ.

ಮುಖಪರದೆಯ ಹೆಸರುಗಳನ್ನು ಆರಿಸುವಾಗ ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡುವ ಆ್ಯಪನ್ನು ಮರೆತು, ಹಿಂದೆ ಜನ ಕಾಯುತ್ತಿರುವಾಗ ಪಟ್ಟಿಯಲ್ಲಿ ತಡಕಾಡುವವರು ಬಹಳ. ಫೋನ್, ಹಣ ಪಾವತಿ, ನಕ್ಷೆ, ಕ್ಯಾಮೆರಾ ಈ ನಾಲ್ಕಕ್ಕೆ ಮೊದಲು ಜಾಗ ಕೊಡಿ. ಹಿಡಿಸದಿದ್ದರೆ ಹೋಮ್ ಆ್ಯಪ್ ಪಟ್ಟಿಯಲ್ಲಿ ಹಳೆಯದನ್ನೇ ಮತ್ತೆ ಆರಿಸಬಹುದು, ಅಥವಾ ಹೊಸ ಲಾಂಚರನ್ನು ಅಳಿಸಿಬಿಡಬಹುದು. ಅಳಿಸಿದರೆ ಕಂಪನಿಯ ಲಾಂಚರ್ ಸಾಮಾನ್ಯವಾಗಿ ತಾನಾಗಿಯೇ ಮುಂದೆ ಬರುತ್ತದೆ. ಐಕಾನುಗಳು ನೀವು ಜೋಡಿಸಿಟ್ಟಿದ್ದ ಜಾಗದಲ್ಲೇ ಇರುತ್ತವೆ.